ಕೇಪಿನ ಕೂಗು, ಚರೆಯ ಲೆಕ್ಕ: ಒಂಬತ್ತು ಜನರ ತೋಟೆ ಬಳಗ ಬರಗಾಲ ದಾಟಿದ ಬಗೆ

ಇದು ಅಮೆರಿಕದ ಮಿಡ್‌ವೆಸ್ಟ್ ಭಾಗದ ಒಂದು ಸಣ್ಣ ಊರಿನ ಟ್ರ್ಯಾಪ್ ಶೂಟಿಂಗ್ ಕ್ಲಬ್ಬಿನ ಪ್ರಕರಣ. ಟ್ರ್ಯಾಪ್ ಎಂದರೆ ಗಾಳಿಗೆ ಚಿಮ್ಮಿಸಿದ ತಟ್ಟೆಗಳನ್ನು (ಹಕ್ಕಿ ಎನ್ನುವುದೂ ಅವನ್ನೇ) ಕೋವಿಯಿಂದ ಹೊಡೆಯುವ ಆಟ. ತಮ್ಮ ತೋಟೆಯನ್ನು ತಾವೇ ತುಂಬಿಕೊಳ್ಳುವ ಒಂಬತ್ತು ಜನರಿಗೆ 2020ರಿಂದ ತುಂಬುವ ಸಾಮಾನು ಸಿಗದಾದದ್ದೇ ಇಲ್ಲಿನ ಬರಗಾಲ. ಊರು, ಕ್ಲಬ್ಬು, ಅಂಗಡಿ, ಜನ ಯಾವುದರ ಹೆಸರೂ ಇಲ್ಲಿಲ್ಲ. ಖಜಾಂಚಿ, ನಿವೃತ್ತ ಮೆಕ್ಯಾನಿಕ್, ಶಾಲಾ ತಂಡದ ಕೋಚ್ ಎಂದಷ್ಟೇ ಕರೆದಿದ್ದೇವೆ. ಬೆಲೆಗಳು ಈ ಬಳಗದ ಲೆಕ್ಕದ ಪುಸ್ತಕದವು, ಓದಲು ಅನುಕೂಲವಾಗುವಂತೆ ದುಂಡಾಗಿಸಿದ್ದೇವೆ.

ಮೊದಲು ಪದಗಳು. ಕೊಡಗು, ಮಲೆನಾಡಿನ ಕಡೆಯವರಿಗೆ ಕೇಪಿನ ಕೋವಿಯೂ ಗೊತ್ತು, ತೋಟೆ ಕೋವಿಯೂ ಗೊತ್ತು. ಇಲ್ಲಿನ ಮಾತೆಲ್ಲ ಹನ್ನೆರಡು ಬೋರಿನ ತೋಟೆ ಕೋವಿಯದು. ಒಂದು ತೋಟೆಯಲ್ಲಿ ಐದು ಭಾಗ: ಹಿತ್ತಾಳೆ ಬಣ್ಣದ ತಳವಿರುವ ಪ್ಲಾಸ್ಟಿಕ್ ಕೊಳವೆ, ತಳದ ನಡುವಿನ ಕೇಪು (209 ಅಳತೆಯ ಪ್ರೈಮರ್), ಅದರ ಮೇಲೆ ಮದ್ದು, ಮದ್ದಿನ ಮೇಲೆ ಪ್ಲಾಸ್ಟಿಕ್ಕಿನ ವಾಡ್, ವಾಡ್‌ನ ಬಟ್ಟಲಿನೊಳಗೆ ಸೀಸದ ಚರೆ. ಹೊಡೆದ ಮೇಲೆ ಉಳಿಯುವುದು ಕೊಳವೆ ಮಾತ್ರ. ಮಿಕ್ಕ ನಾಲ್ಕನ್ನು ಹೊಸದಾಗಿ ತುಂಬಿ ಬಾಯಿ ಮಡಿಚುವುದೇ ಮರುಭರ್ತಿ.

ಹಿನ್ನೆಲೆ

ಬಳಗದಲ್ಲಿ ಒಂಬತ್ತು ಜನ. ವರ್ಷಕ್ಕೆ ಸುಮಾರು ಮೂವತ್ತು ವಾರ, ವಾರಕ್ಕೆ ನೂರು ತೋಟೆಯಂತೆ ಒಬ್ಬೊಬ್ಬರದು ವರ್ಷಕ್ಕೆ 3,000. ಒಟ್ಟು 27,000. ಒಬ್ಬರನ್ನು ಬಿಟ್ಟರೆ ಎಲ್ಲರದೂ ತೋಟೆ ತುಂಬಲು ಕೈಯಿಂದ ಎಳೆಯುವ ಸಾಧಾರಣ ಯಂತ್ರ. ಎಲ್ಲರೂ 1⅛ ಔನ್ಸ್ ಚರೆಯ ತೋಟೆಯನ್ನೇ ತುಂಬುತ್ತಿದ್ದರು. ಕಾರಣ ಕೇಳಿದರೆ ಹಿಂದಿನಿಂದ ಹಾಗೇ ಬಂದಿದೆ ಎಂಬ ಉತ್ತರ.

2019ರಲ್ಲಿ ಅವರ ಪುಸ್ತಕದ ಲೆಕ್ಕ ಹೀಗಿತ್ತು. 25 ಪೌಂಡಿನ ಚರೆ ಚೀಲಕ್ಕೆ 34 ಡಾಲರ್. 25 ಪೌಂಡೆಂದರೆ 400 ಔನ್ಸ್, 1⅛ರಂತೆ 355 ತೋಟೆ, ತೋಟೆಗೆ 9.6 ಸೆಂಟ್. ಕೇಪು ಸಾವಿರಕ್ಕೆ 30 ಡಾಲರ್, ಅಂದರೆ 3 ಸೆಂಟ್. 8 ಪೌಂಡಿನ ಮದ್ದಿನ ಡಬ್ಬಿ 140 ಡಾಲರ್. ಪೌಂಡಿಗೆ 7,000 ಗ್ರೇನ್, ತೋಟೆಗೆ 17.5 ಗ್ರೇನ್ ಹಿಡಿದರೆ ಡಬ್ಬಿಗೆ 3,200 ತೋಟೆ, ತಲಾ 4.4 ಸೆಂಟ್. ವಾಡ್ 500ಕ್ಕೆ 11 ಡಾಲರ್, 2.2 ಸೆಂಟ್. ಕೂಡಿದರೆ ತೋಟೆಗೆ 19 ಸೆಂಟ್ ಚಿಲ್ಲರೆ, 25ರ ಪೆಟ್ಟಿಗೆಗೆ 4.80 ಡಾಲರ್. ಅಂಗಡಿಯ ಅಗ್ಗದ ತೋಟೆ ಆಗ ಪೆಟ್ಟಿಗೆಗೆ ಆರು ಡಾಲರ್ ಒಳಗೇ ಸಿಗುತ್ತಿತ್ತು. ಹನ್ನೆರಡು ಬೋರಿನ ಮರುಭರ್ತಿಯಲ್ಲಿ ಉಳಿತಾಯ ಆಗಲೂ ದೊಡ್ಡದಿರಲಿಲ್ಲ. ತಮ್ಮ ಕೋವಿಗೆ, ತಮ್ಮ ಭುಜಕ್ಕೆ ಒಗ್ಗುವ ತೋಟೆ ಬೇಕೆಂದೇ ಹೆಚ್ಚಿನವರು ಇದನ್ನು ಮಾಡುತ್ತಿದ್ದರು.

ಕೊರತೆ ಬಂದದ್ದು

2020ರಲ್ಲಿ ಮೂರು ಹೊಡೆತ ಒಂದರ ಹಿಂದೊಂದು ಬಿದ್ದವು. ಮಾರ್ಚಿನಲ್ಲಿ ಕೋವಿಡ್, ಬೇಸಿಗೆಯಲ್ಲಿ ಬೀದಿ ಪ್ರತಿಭಟನೆಗಳು, ನವೆಂಬರಿನಲ್ಲಿ ಅಧ್ಯಕ್ಷೀಯ ಚುನಾವಣೆ. ಬಂದೂಕು ಕೊಳ್ಳುವವರ ಹಿನ್ನೆಲೆ ತಪಾಸಣೆ ಆ ವರ್ಷ 3.97 ಕೋಟಿಗೆ ಮುಟ್ಟಿ ದಾಖಲೆಯಾಯಿತು. ಮೊದಲ ಬಾರಿಗೆ ಬಂದೂಕು ಕೊಂಡವರೇ ಸುಮಾರು 84 ಲಕ್ಷ ಎಂದು ಉದ್ಯಮದ ಸಂಘ ಅಂದಾಜಿಸಿತು. ಅದೇ ವರ್ಷದ ಜುಲೈಯಲ್ಲಿ ಬಂದೂಕು ಕಂಪನಿ ರೆಮಿಂಗ್ಟನ್ ದಿವಾಳಿ ಅರ್ಜಿ ಹಾಕಿತು. ಅರ್ಕಾನ್ಸಾಸಿನ ಲೋನೋಕ್‌ನಲ್ಲಿದ್ದ ಅದರ ತೋಟೆ ಕಾರ್ಖಾನೆಯನ್ನು ವಿಸ್ಟಾ ಔಟ್‌ಡೋರ್ 8.14 ಕೋಟಿ ಡಾಲರಿಗೆ ಕೊಂಡಿತು. ವಿಸ್ಟಾ ಕೈಯಲ್ಲಿ ಆಗಲೇ ಫೆಡರಲ್ ಮತ್ತು ಸಿಸಿಐ ಎಂಬ ಗುಂಡು, ಕೇಪಿನ ಕಂಪನಿಗಳು ಇದ್ದವು, ಅವುಗಳ ಮುಂದೆ ನೂರು ಕೋಟಿ ಡಾಲರಿಗೂ ಮೀರಿದ ಬಾಕಿ ಆರ್ಡರ್ ಇತ್ತು.

ಕೇಪು ಎಲ್ಲಕ್ಕಿಂತ ಮೊದಲು ಮಾಯವಾದದ್ದಕ್ಕೆ ಕಾರಣ ಸರಳ. ಅಮೆರಿಕದಲ್ಲಿ ಕೇಪು ಮಾಡುವ ದೊಡ್ಡ ಕಾರ್ಖಾನೆಗಳು ಕೈಬೆರಳೆಣಿಕೆಯಷ್ಟು, ಅವುಗಳ ಮಾಲೀಕರೇ ಸಿದ್ಧ ತೋಟೆ, ಗುಂಡುಗಳನ್ನೂ ಮಾಡುತ್ತಾರೆ. ಒಂದು ಕೇಪನ್ನು ಬಿಡಿಯಾಗಿ ಮೂರು ಸೆಂಟಿಗೆ ಮಾರುವುದಕ್ಕಿಂತ ಅದೇ ಕೇಪನ್ನು ತೋಟೆಯೊಳಗೆ ಕೂರಿಸಿ ಮಾರಿದರೆ ಲಾಭ ಹೆಚ್ಚು. ಬೇಡಿಕೆ ಉಕ್ಕಿದಾಗ ಮರುಭರ್ತಿಯವರ ಪಾಲಿಗೆ ಬರುವುದು ಕಾರ್ಖಾನೆಯ ತಳ ಗೀಚಿದ್ದು ಮಾತ್ರ. ಹೊಸ ಸಾಲು ಹಾಕುವುದೂ ದಿಢೀರ್ ಆಗುವ ಕೆಲಸವಲ್ಲ. ಕೇಪಿನ ಮಸಾಲೆ ಲೆಡ್ ಸ್ಟಿಫ್ನೇಟ್, ಒತ್ತಿದರೆ ಸಿಡಿಯುವ ವಸ್ತು. ಅದನ್ನು ಒದ್ದೆಯಾಗಿ ನಿಭಾಯಿಸಬಲ್ಲ ನುರಿತ ಕೈಗಳು ತಿಂಗಳೊಪ್ಪತ್ತಿನಲ್ಲಿ ತಯಾರಾಗುವುದಿಲ್ಲ.

2020ರ ಅಕ್ಟೋಬರಿಗೆ ಬಳಗದ ಒಂಬತ್ತು ಮನೆಗಳಲ್ಲಿ ಸೇರಿ ಉಳಿದಿದ್ದದ್ದು 6,400 ಕೇಪು.

ಮೊದಲ ಯತ್ನ: ಯಾರಿಗೆ ಎಲ್ಲಿ ಸಿಕ್ಕರೆ ಅಲ್ಲಿ

ಮೊದಲ ಏಳೆಂಟು ತಿಂಗಳು ಒಬ್ಬೊಬ್ಬರೂ ತಮ್ಮ ಪಾಡಿಗೆ ಹುಡುಕಿದರು. ಇದರಿಂದ ಮೂರು ಬಗೆಯ ನಷ್ಟವಾಯಿತು, ಮೂರೂ ಬೇರೆ ಬೇರೆ ಜಾತಿಯವು.

ಮೊದಲನೆಯದು ಮೋಸ. 2021ರ ಜನವರಿಯಲ್ಲಿ ಒಬ್ಬರಿಗೆ ಒಂದು ಜಾಲತಾಣದಲ್ಲಿ ಸಾವಿರಕ್ಕೆ 45 ಡಾಲರಿನ ಕೇಪು ಕಂಡಿತು. ಎಲ್ಲೆಡೆ ಸಾವಿರಕ್ಕೆ ನೂರರ ಹತ್ತಿರ ಇದ್ದ ಕಾಲ. ಐದು ಸಾವಿರಕ್ಕೆ ಆರ್ಡರ್ ಹಾಕಿದರು. ಕ್ರೆಡಿಟ್ ಕಾರ್ಡ್ ನಡೆಯುವುದಿಲ್ಲ, ಬ್ಯಾಂಕಿನಿಂದ ನೇರ ವರ್ಗಾವಣೆ ಮಾಡಿ ಎಂದಿತ್ತು. ಮಾಡಿದರು, 225 ಡಾಲರ್ ಹೋಯಿತು. ಆಮೇಲೆ ಅದೇ ಪುಟವನ್ನು ಖಜಾಂಚಿ ಕೂತು ಓದಿದಾಗ ಕಂಡ ಗುರುತುಗಳು ಇಲ್ಲಿ ದಾಖಲಿಸತಕ್ಕವು. ಸಾಗಣೆ ಉಚಿತ ಎಂದಿತ್ತು. ಕೇಪು, ಮದ್ದು ಅಪಾಯಕಾರಿ ಸರಕು, ಅದಕ್ಕೆ ಪ್ರತ್ಯೇಕ ಹ್ಯಾಜ್‌ಮ್ಯಾಟ್ ಶುಲ್ಕವಿದೆ. ಅದರ ಸುದ್ದಿಯೇ ಎತ್ತದೆ ಬಿಟ್ಟಿ ಕಳಿಸುತ್ತೇನೆನ್ನುವ ಅಪರಿಚಿತ ಅಂಗಡಿಯನ್ನು ಅಲ್ಲಿಗೇ ಶಂಕಿಸಬೇಕು. ಅಂಚೆಯಲ್ಲಿ ಬರುತ್ತದೆ ಎಂದೂ ಬರೆದಿತ್ತು. ಅಮೆರಿಕದ ಅಂಚೆ ಇಲಾಖೆ ಕೇಪನ್ನಾಗಲಿ ಮದ್ದನ್ನಾಗಲಿ ಒಯ್ಯುವುದಿಲ್ಲ. ಇಷ್ಟೆರಡು ತಿಳಿದಿದ್ದರೆ ಮಿಕ್ಕಿದ್ದನ್ನು ನೋಡುವ ಅಗತ್ಯವೇ ಇರಲಿಲ್ಲ.

ಎರಡನೆಯದು ಯಾರೂ ನಷ್ಟವೆಂದು ಎಣಿಸದ ನಷ್ಟ. ಹ್ಯಾಜ್‌ಮ್ಯಾಟ್ ಶುಲ್ಕ ಆರ್ಡರಿಗೆ ಸುಮಾರು 30 ಡಾಲರ್, ಒಂದು ಸಾವಿರ ತರಿಸಿದರೂ ಅಷ್ಟೇ, ಹದಿನೈದು ಸಾವಿರ ತರಿಸಿದರೂ ಅಷ್ಟೇ. ಒಂದು ವರ್ಷದಲ್ಲಿ ಒಂಬತ್ತು ಜನ ಸೇರಿ 26 ಆರ್ಡರ್ ಹಾಕಿದ್ದರು. 780 ಡಾಲರ್. ಒಂದೇ ಸಾವಿರ ತರಿಸಿದವನ ಪ್ರತಿ ಕೇಪಿನ ಮೇಲೂ ಮೂರು ಸೆಂಟಿನ ಶುಲ್ಕ ಕೂತಿತ್ತು, ಅಂದರೆ 2019ರ ಕೇಪಿನ ಪೂರ್ತಿ ಬೆಲೆ.

ಮೂರನೆಯದು ಅದಲುಬದಲು. ಈ ಪ್ರಕರಣವನ್ನು ಬರೆಯಲು ಕಾರಣವೇ ಅದು.

209 ಎಂದರೆ ಎಲ್ಲವೂ ಒಂದೇ ಅಲ್ಲ

2021ರ ವಸಂತದಲ್ಲಿ ಸಿಕ್ಕ ಕೇಪುಗಳು ಎರಡು. ಫೆಡರಲ್ 209ಎ ಎರಡು ಸಾವಿರ, ಯುರೋಪಿನ ಚೆಡೈಟ್ ಐದು ಸಾವಿರ. ಬಳಗ ಅದುವರೆಗೆ ತುಂಬುತ್ತಿದ್ದದ್ದು ವಿಂಚೆಸ್ಟರ್ ಡಬ್ಲ್ಯು209. ಮೂರರ ಹೆಸರಲ್ಲೂ 209 ಇದೆ, ಮೂರೂ ಅದೇ ಯಂತ್ರದಲ್ಲಿ ಕೂರುತ್ತವೆ. ನಿವೃತ್ತ ಮೆಕ್ಯಾನಿಕ್ ಹಳೆಯ ಪಾಕವನ್ನೇ (ಯಾವ ಕೊಳವೆಗೆ ಯಾವ ಭಾಗ, ಎಷ್ಟು ಎಂಬ ಲೆಕ್ಕ) ಇಟ್ಟುಕೊಂಡು ಕೇಪನ್ನಷ್ಟೇ 209ಎಗೆ ಬದಲಿಸಿ 640 ತೋಟೆ ತುಂಬಿದರು. ನಲವತ್ತು ವರ್ಷ ಎಂಜಿನ್ ಬಿಚ್ಚಿ ಜೋಡಿಸಿದ ಕೈ. ಒಂದೇ ನಂಬರಿನ ಬಿಡಿಭಾಗ ಯಾವ ಕಂಪನಿಯದಾದರೂ ನಡೆಯುತ್ತದೆ ಎಂಬ ಲೆಕ್ಕ ಅವರದು, ಆ ಕಸುಬಿನಲ್ಲಿ ಅದು ಸರಿಯೇ.

ತೋಟೆಯಲ್ಲಿ ಅದು ತಪ್ಪು. 209ಎ ಬಹಳ ಬಿಸಿಯಾದ, ಅಂದರೆ ಜೋರಾಗಿ ಉರಿ ಚಿಮ್ಮಿಸುವ ಕೇಪು. ಮದ್ದಿನ ಕಂಪನಿಗಳ ಪಾಕಪಟ್ಟಿಯಲ್ಲಿ ಕೊಳವೆ, ಮದ್ದು, ವಾಡ್, ಚರೆ ಎಲ್ಲ ಅದೇ ಇದ್ದು ಕೇಪು ಮಾತ್ರ ಬದಲಾದ ಸಾಲುಗಳನ್ನು ಹೋಲಿಸಿ ನೋಡಿದರೆ ಒತ್ತಡದಲ್ಲಿ (ಅಳತೆ ಪಿಎಸ್‌ಐ, ಚದರ ಇಂಚಿಗೆ ಇಷ್ಟು ಪೌಂಡ್) ಒಂದೆರಡು ಸಾವಿರ ಪಿಎಸ್‌ಐ ವ್ಯತ್ಯಾಸ ಕಾಣುತ್ತದೆ. ಹನ್ನೆರಡು ಬೋರಿನ 2¾ ಇಂಚಿನ ತೋಟೆಗೆ ಅಮೆರಿಕದ ಉದ್ಯಮ ಒಪ್ಪಿರುವ ಗರಿಷ್ಠ ಮಿತಿ 11,500 ಪಿಎಸ್‌ಐ. ಮೊದಲೇ ಹತ್ತು ಸಾವಿರದ ಹತ್ತಿರ ನಿಂತ ಪಾಕಕ್ಕೆ ಬಿಸಿ ಕೇಪು ಕೂರಿಸಿದರೆ ಮಿತಿ ದಾಟುತ್ತದೆ.

ಕೋವಿ ಒಡೆಯಲಿಲ್ಲ. ಒದೆತ ಜಾಸ್ತಿಯಾಯಿತು, ಕೇಪಿನ ಮುಖ ಚಪ್ಪಟೆಯಾಗಿ ಬಂತು. ಎರಡು ಸುತ್ತು ಹೊಡೆದ ಕೋಚ್ ಖಾಲಿ ತೋಟೆಯ ತಳ ನೋಡಿ ಅಲ್ಲೇ ನಿಲ್ಲಿಸಿದರು. ಉಳಿದ ಸುಮಾರು 590 ತೋಟೆಗಳನ್ನು ಒಡೆಯುವುದೆಂದು ತೀರ್ಮಾನವಾಯಿತು. ಚಾಕುವಿನಿಂದ ಬಾಯಿ ಕತ್ತರಿಸಿ ಚರೆಯನ್ನು ಬೇರೆ ಮಾಡಿ ಉಳಿಸಿಕೊಂಡರು. ಎರಡು ಡಬ್ಬಿಯ ಮದ್ದು ಕಲೆತಿರಬಹುದು ಎಂಬ ಅನುಮಾನಕ್ಕೆ ಮದ್ದನ್ನು ಮತ್ತೆ ಡಬ್ಬಿಗೆ ಸುರಿಯದೆ ಹುಲ್ಲುಹಾಸಿನ ಮೇಲೆ ತೆಳ್ಳಗೆ ಚೆಲ್ಲಿದರು. ಹೊಗೆಯಿಲ್ಲದ ಮದ್ದಿನಲ್ಲಿ ಸಾರಜನಕವಿದೆ, ಹುಲ್ಲಿಗೆ ಕೆಡುಕಿಲ್ಲ. ಎರಡು ಸಂಜೆ ಹಿಡಿದ ಕೆಲಸ. ಕೊಳವೆ, ವಾಡ್, ಮದ್ದು, ಕೇಪು ಎಲ್ಲ ಹೋಯಿತು.

ಚೆಡೈಟಿನ ತೊಂದರೆ ಇನ್ನೂ ನಿಧಾನದ್ದು. ಯುರೋಪಿನ ಕೇಪುಗಳ ಸುತ್ತಳತೆ ಅಮೆರಿಕದವಕ್ಕಿಂತ ಕೂದಲೆಳೆಯಷ್ಟು ದಪ್ಪ, ಇಂಚಿನ ಸಾವಿರದಲ್ಲಿ ಒಂದೆರಡು ಅಂಶ. ಒತ್ತಿ ಕೂರಿಸಿದರೆ ಕೂರುತ್ತದೆ, ಹೊಡೆದರೆ ಸರಿಯಾಗಿಯೇ ಹಾರುತ್ತದೆ. ಆದರೆ ಆ ತೋಟೆಯ ತಳದ ಕುಳಿ ಅಷ್ಟು ಹಿಗ್ಗಿರುತ್ತದೆ. ಮುಂದಿನ ಸಲ ಅದೇ ಕೊಳವೆಗೆ ವಿಂಚೆಸ್ಟರ್ ಕೇಪು ಹಾಕಿದರೆ ಬೆರಳಿನಿಂದ ಒತ್ತಿದರೂ ಒಳಗೆ ಹೋಗುವಷ್ಟು ಸಡಿಲ. ಹೊಡೆದಾಗ ಅದರ ಸುತ್ತಲಿಂದ ಅನಿಲ ಸೋರುತ್ತದೆ. 2022ರ ಏಪ್ರಿಲಿನಲ್ಲಿ ಇಬ್ಬರ ಕೋವಿಯಲ್ಲಿ ತೋಟೆಯ ತಳ ಒರಗುವ ಉಕ್ಕಿನ ಮುಖದಲ್ಲಿ, ಸೂಜಿ ಹೊರಬರುವ ರಂಧ್ರದ ಸುತ್ತ ಉಂಗುರದಂತೆ ಕಪ್ಪು ಕಲೆ ಕಂಡಿತು. ಒರೆಸಿದರೆ ಹೋಗದು. ಉಗುರಿನಿಂದ ಸವರಿದರೆ ಸಣ್ಣ ಸಣ್ಣ ಗುಳಿ ಕೈಗೆ ಸಿಗುತ್ತಿತ್ತು, ಉಕ್ಕೇ ಸುಟ್ಟು ತಿಂದುಹೋಗಿತ್ತು. ಕಾರಣ ಹಿಂದಿನ ವರ್ಷದ ಕೇಪು ಎಂದು ಹೊಳೆಯಲು ಮೂರು ವಾರ ಬೇಕಾಯಿತು.

ಅಲ್ಲಿಂದ ಮುಂದೆ ಒಂದು ನಿಯಮ ಹುಟ್ಟಿತು. ಚೆಡೈಟ್ ಒಮ್ಮೆ ಕೂತ ಕೊಳವೆಯ ತಳಕ್ಕೆ ಹಸಿರು ಮಾರ್ಕರ್‌ನಿಂದ ಅಡ್ಡಗೆರೆ. ಹಸಿರು ಗೆರೆಯ ಕೊಳವೆ ಸಾಯುವವರೆಗೂ ಚೆಡೈಟಿಗೇ ಮೀಸಲು. ಖಾಲಿ ತೋಟೆ ಆರಿಸುವ ಡಬ್ಬಗಳೂ ಎರಡಾದವು.

ಚೆಡೈಟಿನಿಂದ ಬಂದ ಇನ್ನೊಂದು ಪಾಠ ಚಳಿಯದು. ಅದು ಮೆತ್ತನೆಯ ಕೇಪು. ಕಡಿಮೆ ಒತ್ತಡದ ಪಾಕದಲ್ಲಿ, ನವೆಂಬರಿನ ಕೊರೆವ ಬೆಳಗಿನಲ್ಲಿ, ಮದ್ದು ಪೂರ್ತಿ ಉರಿಯದೆ ಢಮ್ ಎನ್ನುವ ಬದಲು ಪುಸ್ ಎಂದ ತೋಟೆಗಳು ಮೂರು ನಾಲ್ಕು ಬಂದವು. ಹೀಗಾದಾಗ ವಾಡ್ ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು, ಅದರ ಹಿಂದೆ ಇನ್ನೊಂದು ತೋಟೆ ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಸದ್ದು ಸೊರಗಿದರೆ ಕೋವಿ ತೆರೆದು, ತೋಟೆ ತೆಗೆದು, ನಳಿಗೆಯೊಳಗೆ ಬೆಳಕು ಕಾಣುತ್ತದೆಯೇ ನೋಡಿಯೇ ಮುಂದಿನದು. ಇದಕ್ಕೆ ವಿನಾಯಿತಿ ಇಲ್ಲ, ಸ್ಪರ್ಧೆಯ ನಡುವೆಯೂ ಇಲ್ಲ.

ತಿರುವು: ಪಟ್ಟಿ ಮೊದಲು, ಕೊಳ್ಳುವುದು ಆಮೇಲೆ

640 ತೋಟೆಯ ಪ್ರಸಂಗದ ನಂತರ 2021ರ ಬೇಸಿಗೆಯಲ್ಲಿ ಎಲ್ಲರೂ ಕೂತು ಮಾತಾಡಿದರು. ಅಲ್ಲಿಯವರೆಗೆ ಕ್ರಮ ಹೀಗಿತ್ತು: ಸಿಕ್ಕಿದ್ದನ್ನು ಕೊಳ್ಳು, ಮನೆಗೆ ತಂದು ಹೇಗೆ ಬಳಸುವುದೆಂದು ಯೋಚಿಸು. ಕೋಚ್ ಇದನ್ನು ತಿರುಗಿಸಿ ಹಾಕಿದರು. ಬಳಗದ ಹತ್ತಿರ ರಾಶಿ ಇರುವ ಕೊಳವೆ ಯಾವುದು ಎಂಬಲ್ಲಿಂದ ಶುರು ಮಾಡಿ, ಆ ಕೊಳವೆಗೆ ಮದ್ದಿನ ಕಂಪನಿಗಳು ಪ್ರಕಟಿಸಿದ ಪಾಕಗಳನ್ನೆಲ್ಲ ಒಂದು ಹಾಳೆಗೆ ಇಳಿಸಿದರು. ಯಾವ ಕೇಪಿನ ಜೊತೆ ಯಾವ ಮದ್ದು, ಯಾವ ವಾಡ್ ಹೋಗುತ್ತದೆ ಎಂದು ಅಡ್ಡ ಉದ್ದ ಗೆರೆ ಎಳೆದರು. ಹದಿನಾಲ್ಕು ಪಾಕ ಉಳಿದವು. ಆ ಹಾಳೆಯ ನಕಲು ಎಲ್ಲರ ಫೋನಿನಲ್ಲಿ. ಅಂಗಡಿಯಲ್ಲಿ ಏನಾದರೂ ಕಂಡರೆ ಮೊದಲು ಹಾಳೆ ನೋಡಬೇಕು. ಹಾಳೆಯಲ್ಲಿಲ್ಲದ್ದು ಬಿಟ್ಟಿ ಕೊಟ್ಟರೂ ಬೇಡ.

ಕೇಳಲು ಸಣ್ಣ ಮಾತು. ಆದರೆ ಕೊರತೆಯ ಕಾಲದಲ್ಲಿ ಬರಿದಾದ ಕಪಾಟಿನ ಮುಂದೆ ನಿಂತವನಿಗೆ ಕೊನೆಯ ಒಂದು ಪೆಟ್ಟಿಗೆ ಕಂಡಾಗ ಅದನ್ನು ಬಿಟ್ಟು ಬರುವುದು ಬಹಳ ಕಷ್ಟ. ಮೊದಲ ಎರಡು ತಿಂಗಳಲ್ಲಿ ಇಬ್ಬರು ಹಾಳೆ ಮೀರಿ ಕೊಂಡರು. ಒಬ್ಬರು ತಂದ ವಾಡ್ ನೇರ ಗೋಡೆಯ ಕೊಳವೆಗಾಗಿ ಮಾಡಿದ್ದು, ಬಳಗದಲ್ಲಿದ್ದ ಒಳಗಡೆ ಕಿರಿದಾಗುವ ಕೊಳವೆಗೆ ಅದು ಬಿಗಿಯಾಗಿ ಮಡಚಿಕೊಳ್ಳುತ್ತಿತ್ತು. ಇನ್ನೂ ಅವರ ಮನೆಯ ಅಟ್ಟದಲ್ಲೇ ಇದೆ.

ಇದೇ ಸಭೆಯಲ್ಲಿ ಇನ್ನೊಂದು ಸಲಹೆ ಬಂತು. ಒಬ್ಬರ ಹತ್ತಿರ ವೇಗದ ಯಂತ್ರವಿದೆ, ಅವರೇ ಎಲ್ಲರಿಗೂ ತುಂಬಿ ಕೊಟ್ಟು ಕೂಲಿ ತೆಗೆದುಕೊಳ್ಳಲಿ ಎಂದು. ಖಜಾಂಚಿ ಒಪ್ಪಲಿಲ್ಲ. ಅಮೆರಿಕದಲ್ಲಿ ಸ್ವಂತಕ್ಕೆ ತುಂಬಿಕೊಳ್ಳಲು ಪರವಾನಗಿ ಬೇಡ, ಮಾರಾಟಕ್ಕೆ ತಯಾರಿಸುವವರಿಗೆ ಆರನೇ ಬಗೆಯ ಫೆಡರಲ್ ಪರವಾನಗಿ ಬೇಕು. ಸಾಮಾನು ಒಟ್ಟಿಗೆ ಕೊಂಡು ಅಸಲಿಗೆ ಹಂಚಿಕೊಳ್ಳೋಣ, ತುಂಬಿದ ತೋಟೆ ಮಾತ್ರ ಒಬ್ಬರಿಂದೊಬ್ಬರಿಗೆ ಹೋಗಬಾರದು ಎಂದು ಗೆರೆ ಎಳೆದರು. ಆ ಗೆರೆ ಎಳೆದದ್ದು ಸರಿ. ಕಾನೂನು ಬದಿಗಿಟ್ಟರೂ, ತಾನು ತುಂಬಿದ್ದರ ತಪ್ಪು ತನ್ನ ಭುಜಕ್ಕೇ ತಾಗಬೇಕು.

ಚರೆಯ ಲೆಕ್ಕ

2021ರ ಡಿಸೆಂಬರಿನಲ್ಲಿ ಖಜಾಂಚಿ ಹಳೆಯ ಲೆಕ್ಕವನ್ನೇ ಹೊಸ ಬೆಲೆಯಲ್ಲಿ ಹಾಕಿದರು. ಚರೆ ಚೀಲ 50 ಡಾಲರ್, ತೋಟೆಗೆ 14.1 ಸೆಂಟ್. ಕೇಪು ಸಾವಿರಕ್ಕೆ 80, ಅಂದರೆ 8 ಸೆಂಟ್. ಮದ್ದಿನ ಡಬ್ಬಿ 200, ತೋಟೆಗೆ 6.25. ವಾಡ್ 2.8. ಒಟ್ಟು 31.1 ಸೆಂಟ್, ಪೆಟ್ಟಿಗೆಗೆ 7.78 ಡಾಲರ್. ಹ್ಯಾಜ್‌ಮ್ಯಾಟ್ ಶುಲ್ಕ ಇದರ ಹೊರಗೆ.

ಎರಡು ವರ್ಷ ಎಲ್ಲರ ಬಾಯಲ್ಲೂ ಕೇಪು, ಕೇಪು. ಕೇಪು ತೋಟೆಗೆ 5 ಸೆಂಟ್ ಏರಿತ್ತು, ನಿಜ. ಆದರೆ ಯಾರೂ ಬಾಯಿ ಬಿಡದ ಚರೆ ಸದ್ದಿಲ್ಲದೆ 4.5 ಸೆಂಟ್ ಏರಿತ್ತು, ಒಟ್ಟು ಖರ್ಚಿನ ಹತ್ತಿರ ಹತ್ತಿರ ಅರ್ಧ ಅದರದೇ. ಕೇಪು ಸಿಗದಿದ್ದಾಗ ಕೂಗು ಏಳುತ್ತದೆ, ಚರೆ ಸಿಗುತ್ತಲೇ ಇರುತ್ತದೆ, ಬೆಲೆ ಮಾತ್ರ ಏರುತ್ತದೆ. ಲೋಹದ ಮಾರುಕಟ್ಟೆಯಲ್ಲಿ ಸೀಸ 2021ರ ಬೇಸಿಗೆಗೆ ಟನ್ನಿಗೆ 2,300 ಡಾಲರ್ ಮುಟ್ಟಿತ್ತು. ಆ ದರದಲ್ಲಿ 25 ಪೌಂಡ್ ಚೀಲದೊಳಗಿನ ಬರೀ ಸೀಸವೇ 26 ಡಾಲರ್. ಅದರ ಮೇಲೆ ಗಡಸು ಮಾಡಲು ಬೆರೆಸುವ ಆಂಟಿಮನಿ, ಎರಕ, ಸಾಗಣೆ.

ಇನ್ನೊಂದು ವ್ಯತ್ಯಾಸವೂ ಇದೆ. ಅರ್ಧ ಕೇಪು ಹಾಕಲಾಗದು. ಚರೆಯನ್ನು ಕಡಿಮೆ ಮಾಡಬಹುದು.

⅞ ಔನ್ಸಿಗೆ ಇಳಿಸಿದರೆ ಚೀಲಕ್ಕೆ 355ರ ಬದಲು 457 ತೋಟೆ. ತೋಟೆಗೆ 3.1 ಸೆಂಟ್, ಪೆಟ್ಟಿಗೆಗೆ 78 ಸೆಂಟ್ ಉಳಿತಾಯ. ಮದ್ದಿನಲ್ಲೂ ಉಳಿಯುತ್ತದೆ ಎಂದು ಕೆಲವರು ಎಣಿಸಿದ್ದರು. ಹಾಗಾಗುವುದಿಲ್ಲ. ಹಗುರ ಚರೆ ಮದ್ದಿಗೆ ಒಡ್ಡುವ ತಡೆ ಕಡಿಮೆ, ಮದ್ದು ಸರಿಯಾಗಿ ಉರಿಯಬೇಕಾದರೆ ಹೆಚ್ಚುಕಡಿಮೆ ಅಷ್ಟೇ ಗ್ರೇನ್ ಬೇಕು. ಪಟ್ಟಿಯಲ್ಲಿ ಇದ್ದಷ್ಟೇ ಹಾಕಬೇಕು, ಅಂದಾಜಿನಲ್ಲಿ ಕಡಿಮೆ ಮಾಡಿದವರೇ ಪುಸ್ ಎನ್ನುವ ತೋಟೆ ತುಂಬಿದವರು.

ವಿರೋಧ ಇತ್ತು. ಎಂಟನೇ ನಂಬರಿನ ಚರೆ ಔನ್ಸಿಗೆ ಸುಮಾರು 410 ಕಾಳು. 1⅛ರಲ್ಲಿ 461, ⅞ರಲ್ಲಿ 359. ನೂರು ಕಾಳು ಕಮ್ಮಿಯಾದರೆ ಹಕ್ಕಿ ತಪ್ಪುವುದಿಲ್ಲವೇ? ಒಲಿಂಪಿಕ್ ಟ್ರ್ಯಾಪ್‌ನವರು ಹೊಡೆಯುವುದು 24 ಗ್ರಾಂ, ಅದು ⅞ ಔನ್ಸಿಗಿಂತಲೂ ತುಸು ಕಡಿಮೆ, ಅವರ ತಟ್ಟೆಗಳು ಇನ್ನೂ ವೇಗದವು ಎಂದು ಕೋಚ್ ಹೇಳಿದರು. ಮಾತಿನಿಂದ ಯಾರೂ ಒಪ್ಪಲಿಲ್ಲ. ಆಗ ಕೋಚ್ ಒಂದೇ ಬಣ್ಣದ ಕೊಳವೆಯಲ್ಲಿ ಎರಡೂ ಬಗೆ ತುಂಬಿದ ಪೆಟ್ಟಿಗೆಗಳನ್ನು ತಯಾರಿಸಲು ಪ್ರತಿಯೊಬ್ಬರಿಗೂ ಹೇಳಿ, ಗುರುತನ್ನು ಮುಚ್ಚಿ, ಯಾವ ಪೆಟ್ಟಿಗೆ ಯಾವಾಗ ಎಂದು ತಾವೇ ಆರಿಸಿ ಕೊಟ್ಟರು. ಆರು ವಾರ ಅಂಕ ಬರೆದರು. ಹದಿನಾರು ಗಜದ ಸಾಲಿನಿಂದ 25ಕ್ಕೆ ಸರಾಸರಿ 1⅛ರಲ್ಲಿ 22.4, ⅞ರಲ್ಲಿ 22.1. ಇಪ್ಪತ್ತೈದು ಗಜ ದಾಟಿದ ಹ್ಯಾಂಡಿಕ್ಯಾಪ್ ಸಾಲಿನಲ್ಲಿ ವ್ಯತ್ಯಾಸ ಎರಡರ ಹತ್ತಿರ. ಚರೆ ಮೋಡ ದೂರ ಹೋದಂತೆ ಹರಡಿ ತೆಳುವಾಗುತ್ತದೆ, ಅಲ್ಲಿ ಕಾಳಿನ ಎಣಿಕೆ ನಿಜಕ್ಕೂ ಬೇಕು.

ತೀರ್ಮಾನ ಅದನ್ನನುಸರಿಸಿಯೇ ಆಯಿತು: ಹತ್ತಿರದ ಸಾಲಿಗೆ ⅞, ದೂರದ ಸಾಲಿಗೆ 1⅛. ಮೂರರಲ್ಲಿ ಎರಡು ಪಾಲು ತೋಟೆ ಹತ್ತಿರದ್ದೇ ಆದ್ದರಿಂದ ವರ್ಷಕ್ಕೆ 76 ಚೀಲದ ಬದಲು 65 ಸಾಕಾಯಿತು.

ಬದಲಾವಣೆಯಲ್ಲಿ ಎಡವಿದ್ದು ಬಾಯಿ ಮಡಿಕೆ. ಚರೆ ಕಡಿಮೆಯಾದಾಗ ಒಳಗಿನ ರಾಶಿಯ ಎತ್ತರ ತಗ್ಗುತ್ತದೆ, ಹಳೆಯ ವಾಡ್ ಇಟ್ಟರೆ ಮಡಿಕೆ ತಟ್ಟೆಯಂತೆ ಒಳಕ್ಕೆ ಕುಸಿದು ನಡುವೆ ತೂತು ಬೀಳುತ್ತದೆ. ಸಣ್ಣ ಕಾಳು ಆ ತೂತಿನಿಂದ ಸೋರಿ ಜೇಬಿಗೆ, ಕೋವಿಯ ಕೀಲಿಗೆ ಬೀಳುತ್ತದೆ. ಯಂತ್ರದ ಮಡಿಕೆಯ ಅಚ್ಚನ್ನು ಇನ್ನಷ್ಟು ಕೆಳಕ್ಕೆ ತಿರುಗಿಸಿದರೆ ಸರಿಹೋಗುತ್ತದೆಂದು ಇಬ್ಬರು ತಿರುಗಿಸಿದರು, ಕೊಳವೆಯ ಹೆಗಲು ಸೊಟ್ಟಗಾಗಿ ತೋಟೆ ಕೋವಿಗೆ ಇಳಿಯದಾಯಿತು. ಸರಿಯಾದ ಪರಿಹಾರ ⅞ಕ್ಕೆಂದೇ ಮಾಡಿದ, ತಳದ ಕಾಲು ಉದ್ದವಾಗಿರುವ ವಾಡ್. ಯಂತ್ರದ ಚರೆ ಅಳೆಯುವ ಪಟ್ಟಿಯನ್ನೂ ಬದಲಿಸಬೇಕು, ಬದಲಿಸಿದ ಮೇಲೆ ಹತ್ತು ಸಲ ಸುರಿದು ತೂಗಬೇಕು.

ಬಳಸಿದ ಚರೆಯನ್ನು ಮೈದಾನದ ಮಣ್ಣಿನಿಂದ ಸೋಸಿ ಮಾರುವವರಿದ್ದಾರೆ, ಅಗ್ಗ. ನಾಲ್ಕು ಚೀಲ ತಂದು ನೋಡಿದರು. ಕಾಳುಗಳ ಗಾತ್ರ ಬೆರಕೆ, ಕೆಲವು ಚಪ್ಪಟೆ, ನಡುವೆ ಮಣ್ಣಿನ ಹರಳು. ಯಂತ್ರದ ಕೊಳವೆಯಲ್ಲಿ ಒಂದಕ್ಕೊಂದು ಸಿಕ್ಕಿ ಸೇತುವೆಯಂತೆ ಕಟ್ಟಿಕೊಂಡು ಕೆಲವು ತೋಟೆಗೆ ಅರ್ಧ ಚರೆಯೇ ಬಿತ್ತು. ಅಭ್ಯಾಸಕ್ಕೆ ಎಂದು ಇಬ್ಬರು ಮುಂದುವರಿಸಿದ್ದಾರೆ, ಮಿಕ್ಕವರು ಬಿಟ್ಟರು.

ಒಟ್ಟಿಗೆ ಕೊಳ್ಳುವುದು, ಬೇರೆ ಬೇರೆ ಇಡುವುದು

2022ರಿಂದ ವರ್ಷಕ್ಕೆ ಎರಡೇ ಆರ್ಡರ್. 780 ಡಾಲರಿನ ಶುಲ್ಕ 60ಕ್ಕೆ ಇಳಿಯಿತು. ಚರೆಯನ್ನು ಒಂದು ಪ್ಯಾಲೆಟ್, ಅಂದರೆ 80 ಚೀಲ, 2,000 ಪೌಂಡ್, ಹಂಚಿಕೆದಾರರ ಗೋದಾಮಿನಿಂದಲೇ ಪಿಕಪ್ ಗಾಡಿ ಎರಡು ಸಲ ಹೋಗಿ ತಂದರು. ಚೀಲಕ್ಕೆ 43 ಡಾಲರ್ ಬಿತ್ತು. ⅞ರ ಉಳಿತಾಯ 560, ಪ್ಯಾಲೆಟ್ಟಿನದು 560, ಶುಲ್ಕದ್ದು 720. ಕೂಡಿ ಹಂಚಿದರೆ ಪೆಟ್ಟಿಗೆಗೆ 1.70 ಡಾಲರ್. ಎಲ್ಲಕ್ಕಿಂತ ದೊಡ್ಡ ಮೊತ್ತ ಯಾರೂ ಗಮನಿಸದಿದ್ದ ಶುಲ್ಕದ್ದೇ ಎಂಬುದು ಖಜಾಂಚಿಗೂ ಅಚ್ಚರಿ ತಂದಿತು.

ಆದರೆ ಒಟ್ಟಿಗೆ ತರಿಸಿದ್ದನ್ನು ಒಂದೇ ಮನೆಯಲ್ಲಿ ಇಡುವಂತಿಲ್ಲ. ಅಮೆರಿಕದ ಅಗ್ನಿಸುರಕ್ಷಾ ಸಂಹಿತೆ ಎನ್‌ಎಫ್‌ಪಿಎ 495ರ ಪ್ರಕಾರ ವಾಸದ ಮನೆಯಲ್ಲಿ ಕೇಪು 10,000ಕ್ಕೆ ಮಿತಿ. ಹೊಗೆಯಿಲ್ಲದ ಮದ್ದು ಮೂಲ ಡಬ್ಬಿಯಲ್ಲೇ 20 ಪೌಂಡ್‌ವರೆಗೆ, ಅದಕ್ಕೆ ಮೀರಿ 50ರವರೆಗೆ ಇಡಬೇಕಾದರೆ ಒಂದಿಂಚು ದಪ್ಪ ಹಲಗೆಯ ಮರದ ಪೆಟ್ಟಿಗೆ ಬೇಕು. ಬಳಗದ ವರ್ಷದ ಮದ್ದು ಒಂಬತ್ತು ಡಬ್ಬಿ, 72 ಪೌಂಡ್. ಆದ್ದರಿಂದ ಸರಕು ಬಂದ ದಿನವೇ ಹಂಚಿಕೆ: ಮನೆಗೊಂದು ಡಬ್ಬಿ ಮದ್ದು, ಮೂರು ಸಾವಿರ ಕೇಪು. ಕೇಪನ್ನು ಕಂಪನಿಯ ತಟ್ಟೆಯಿಂದ ತೆಗೆದು ಗಾಜಿನ ಜಾಡಿಗೆ ಸುರಿಯುವುದಂತೂ ಕೂಡದೇ ಕೂಡದು. ತಟ್ಟೆಯ ಗೂಡುಗಳು ಕೇಪಿನಿಂದ ಕೇಪಿಗೆ ಕಿಡಿ ದಾಟದಂತೆ ದೂರ ಇಡುತ್ತವೆ, ಜಾಡಿಯಲ್ಲಿ ಒಂದು ಸಿಡಿದರೆ ಎಲ್ಲವೂ ಒಟ್ಟಿಗೆ ಸಿಡಿಯುತ್ತವೆ.

ಮದ್ದಿನ ಸರದಿ

ಕೇಪು ನಿಧಾನಕ್ಕೆ ಸಿಗತೊಡಗಿ ಸಾವಿರಕ್ಕೆ 70ಕ್ಕೆ ಬರುವ ಹೊತ್ತಿಗೆ ಮದ್ದು ಕೈಕೊಟ್ಟಿತು. ಉಕ್ರೇನ್ ಯುದ್ಧದಿಂದ ಫಿರಂಗಿ ಮದ್ದಿನ ಬೇಡಿಕೆ ಏರಿತ್ತು, ಅದಕ್ಕೂ ಬಂದೂಕಿನ ಮದ್ದಿಗೂ ಮೂಲ ವಸ್ತು ಒಂದೇ, ನೈಟ್ರೋಸೆಲ್ಯುಲೋಸ್. 2023ರ ಕೊನೆಯಲ್ಲಿ ವಿಸ್ಟಾ ಜಾಗತಿಕ ಮದ್ದಿನ ಕೊರತೆಯ ಕಾರಣ ಕೊಟ್ಟು 2024ರ ಜನವರಿಯಿಂದ ಬೆಲೆ ಏರಿಸುವುದಾಗಿ ವ್ಯಾಪಾರಿಗಳಿಗೆ ಬರೆಯಿತು. ಬಳಗ ನೆಚ್ಚಿಕೊಂಡಿದ್ದ ಅಲಯಂಟ್‌ನ ರೆಡ್ ಡಾಟ್ ಕಪಾಟಿನಿಂದ ಮರೆಯಾಯಿತು.

ಈ ಸಲ ಯಾರೂ ಓಡಾಡಲಿಲ್ಲ. ಹಾಳೆ ತೆಗೆದರು, ಪರ್ಯಾಯ ಮದ್ದಿನ ಮೂರು ಪಾಕ ಅದರಲ್ಲೇ ಇದ್ದವು. ಡಬ್ಬಿಗೆ 240 ಕೊಟ್ಟು ತಂದರು. ಅಪಾಯ ಇದ್ದದ್ದು ಯಂತ್ರದಲ್ಲಿ. ಯಂತ್ರ ಮದ್ದನ್ನು ತೂಗುವುದಿಲ್ಲ, ಬುಶಿಂಗ್ ಎಂಬ ಹೆಬ್ಬೆರಳು ಗಾತ್ರದ ಲೋಹದ ತುಂಡಿನ ತೂತಿನಲ್ಲಿ ಹಿಡಿದಷ್ಟನ್ನು ಬೀಳಿಸುತ್ತದೆ. ರೆಡ್ ಡಾಟ್ ಅವಲಕ್ಕಿಯ ಹಾಗೆ ಚಪ್ಪಟೆ, ಹಗುರ. ಅದು 17.5 ಗ್ರೇನ್ ಬೀಳುವ ಬುಶಿಂಗಿನಲ್ಲಿ ದಟ್ಟವಾದ ಮದ್ದು ತುಂಬಿದರೆ 20 ಗ್ರೇನ್ ದಾಟಿಬಿಡಬಹುದು. ಕೇಪಿನ ತಪ್ಪಿಗಿಂತ ಇದು ಘೋರ. ಅದಕ್ಕೆ ಕಟ್ಟುನಿಟ್ಟಾಗಿ ಮೂರು ಕೆಲಸ: ಮೇಜಿನ ಮೇಲೆ ಒಂದೇ ಡಬ್ಬಿ ಮದ್ದು, ಮದ್ದು ಬದಲಾದ ದಿನ ಯಂತ್ರದ ಶೀಷೆಗೆ ಹೊಸ ಚೀಟಿ, ಮೊದಲ ಐದು ಸುರಿತ ಬಿಟ್ಟು ಮುಂದಿನ ಹತ್ತನ್ನು ತೂಗುವುದು. ತೂಗುವಾಗ ಹಿಡಿಯನ್ನು ತೋಟೆ ತುಂಬುವ ವೇಗದಲ್ಲೇ ಪೂರ್ತಿ ಎಳೆಯಬೇಕು. ಅಲುಗಾಟಕ್ಕೆ ಮದ್ದು ಕುಸಿದು ಕೂರುತ್ತದೆ, ಮೆಲ್ಲಗೆ ಎಳೆದು ತೂಗಿದರೆ ಬೇರೆ ಅಂಕಿ ಬರುತ್ತದೆ. ಕಂಪನಿಯ ಬುಶಿಂಗ್ ಪಟ್ಟಿ ಹೇಳಿದ್ದಕ್ಕಿಂತ ಮೆಕ್ಯಾನಿಕ್ಕಿನ ಯಂತ್ರ 0.8 ಗ್ರೇನ್ ಕಡಿಮೆ ಬೀಳಿಸಿತು, ಕೋಚ್‌ರದು 0.3. ಒಂದೇ ಮಾದರಿ, ಒಂದೇ ಬುಶಿಂಗ್, ಎಳೆಯುವ ಕೈ ಬೇರೆ. ತೂಗಿ ನೋಡಿ ಮುಂದಿನ ನಂಬರಿನ ಬುಶಿಂಗ್ ಹಾಕಿದವರು ಮೆಕ್ಯಾನಿಕ್ಕೇ.

ಇತ್ತೀಚಿನ ಸ್ಥಿತಿ

2024ರ ಕೊನೆಯ ಲೆಕ್ಕದಲ್ಲಿ ⅞ರ ಪೆಟ್ಟಿಗೆ 6.85 ಡಾಲರ್: ಚೀಲ 46, ಕೇಪು 70, ಮದ್ದು 240, ವಾಡ್ ಹಾಗೇ. ಊರಿನ ಅಂಗಡಿಯಲ್ಲಿ ಸಿದ್ಧ ತೋಟೆ ಆಗ ಒಂಬತ್ತು, ಹತ್ತರ ಮಾತಾಗಿತ್ತು. 2019ರ 4.80 ಮರಳಿ ಬರುವ ನಿರೀಕ್ಷೆ ಯಾರಿಗೂ ಇಲ್ಲ. ಚೀನಾ ಆಂಟಿಮನಿ ರಫ್ತಿಗೆ 2024ರ ಸೆಪ್ಟೆಂಬರಿನಿಂದ ಕಡಿವಾಣ ಹಾಕಿ, ಡಿಸೆಂಬರಿನಲ್ಲಿ ಅಮೆರಿಕಕ್ಕೆ ಪೂರ್ತಿ ನಿಲ್ಲಿಸಿದ ಮೇಲೆ ಆ ಲೋಹದ ಬೆಲೆ ಒಂದೇ ವರ್ಷದಲ್ಲಿ ದುಪ್ಪಟ್ಟಿಗೂ ಮೀರಿತು. ಅದು ಚರೆಯಲ್ಲೂ ಇದೆ, ಕೇಪಿನ ಮಸಾಲೆಯಲ್ಲೂ ಇದೆ. ಬಳಗ ಚರೆಯ ಎರಡನೇ ಪ್ಯಾಲೆಟ್ಟನ್ನು ಆರು ತಿಂಗಳು ಮುಂಚೆಯೇ ತಂದಿಟ್ಟುಕೊಂಡಿತು.

ಬಗೆಹರಿಯದೆ ಉಳಿದಿರುವುದು ಕೊಳವೆ. ಒಳ್ಳೆಯ ಕೊಳವೆ ಆರೆಂಟು ಸಲ ತುಂಬಿಸಿಕೊಳ್ಳುತ್ತದೆ, ಆಮೇಲೆ ಮಡಿಕೆಯ ಎಸಳುಗಳು ಸೀಳುತ್ತವೆ. ಹೊಸ ಕೊಳವೆ ಬರುವುದು ಯಾರಾದರೂ ಅಂಗಡಿಯ ಸಿದ್ಧ ತೋಟೆ ಹೊಡೆದಾಗ. ತೋಟೆ ದುಬಾರಿಯಾಗಿ ಎಲ್ಲರೂ ಅಗ್ಗದ್ದನ್ನೇ ಕೊಳ್ಳತೊಡಗಿದ ಮೇಲೆ ಮೈದಾನದಲ್ಲಿ ಬೀಳುವ ಕೊಳವೆಗಳೂ ಅಗ್ಗದವೇ, ತಳದಲ್ಲಿ ಉಕ್ಕಿನ ಬಟ್ಟಲು, ಒಳಗೆ ಬೇರೆ ಆಕಾರ, ಹಾಳೆಯ ಹದಿನಾಲ್ಕು ಪಾಕಗಳಲ್ಲಿ ಯಾವುದಕ್ಕೂ ಹೊಂದದವು. ಶಾಲಾ ತಂಡಕ್ಕೆ ಕ್ಲಬ್ಬು ಕೊಡುವ ತೋಟೆಯನ್ನು ಒಳ್ಳೆಯ ಕೊಳವೆಯ ಬ್ರಾಂಡಿಗೆ ಬದಲಿಸಿ, ಹೆಚ್ಚುವರಿ ಬೆಲೆಯನ್ನು ಬಳಗ ಭರಿಸುವುದು, ಮಕ್ಕಳು ಹೊಡೆದ ಖಾಲಿ ತೋಟೆಗಳನ್ನು ಬಳಗ ಆರಿಸಿಕೊಳ್ಳುವುದು ಎಂಬ ಏರ್ಪಾಡು ಈಗ ನಡೆಯುತ್ತಿದೆ. ಪೆಟ್ಟಿಗೆಗೆ ಒಂದೂವರೆ ಡಾಲರ್ ಹೆಚ್ಚು ಬೀಳುತ್ತದೆ. ಒಂದು ಕೊಳವೆ ಏಳು ಸಲ ತುಂಬಿದರೆ ಅದು ತೋಟೆಗೆ ಒಂದು ಸೆಂಟಿಗಿಂತ ಕಡಿಮೆ. ಶನಿವಾರ ಸಂಜೆ ಮಕ್ಕಳು ಹೋದ ಮೇಲೆ ಮೆಕ್ಯಾನಿಕ್ ಬಕೆಟ್ ಹಿಡಿದು ಸಾಲಿನುದ್ದಕ್ಕೂ ಆರಿಸುತ್ತಾರೆ. ಪ್ರತಿಯೊಂದರ ತಳ ತಿರುಗಿಸಿ ನೋಡಿ, ಹಸಿರು ಗೆರೆ ಇದ್ದದ್ದನ್ನು ಒಂದು ಡಬ್ಬಕ್ಕೆ, ಇಲ್ಲದ್ದನ್ನು ಇನ್ನೊಂದಕ್ಕೆ ಹಾಕುತ್ತಾರೆ.